ಮೈಲೂರಿನ ಟ್ಯಾಂಕರು, ಕಾರಂಜಾದ ಮೀನು

ಬರಗಾಲದ ಆ ವರ್ಷ ಬೀದರಿನಲ್ಲಿ ಯಾರ ಊಹೆಗೂ ಸಿಗದಿದ್ದದ್ದು ಒಂದೇ: ಮೈಲೂರಿನ ಓಣಿಗೆ ನೀರಿನ ಟ್ಯಾಂಕರು ಬರುವ ಹೊತ್ತು. ಕುಬರಾ ತನ್ನ ಪಿಎಚ್‌ಡಿಯನ್ನು ಅದರ ಮೇಲೆಯೇ ಕಟ್ಟಿದ್ದಳು.

ಕುಬರಾ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗೂಢಲಿಪಿಯ ಸಂಶೋಧಕಿ. ಫೋನಿನಲ್ಲಿ, ಬ್ಯಾಂಕಿನಲ್ಲಿ ಗುಟ್ಟು ಗುಟ್ಟಾಗಿಯೇ ಉಳಿಯಬೇಕಾದರೆ ಅದಕ್ಕೊಂದು ಕೀಲಿ ಬೇಕು. ಆ ಕೀಲಿ ಯಾರೂ ಊಹಿಸಲಾಗದ ಅಂಕಿಗಳಿಂದ ಆಗಿರಬೇಕು. ಮನಸ್ಸಿಗೆ ಬಂದ ಅಂಕಿ ಹೇಳು ಎಂದು ಕಂಪ್ಯೂಟರನ್ನು ಕೇಳಿದರೆ, ಪಾಪ, ಅದಕ್ಕೆ ಮನಸ್ಸೇ ಇಲ್ಲ. ಯಾವುದೋ ನಿಯಮ ಹಿಡಿದು ಹೇಳುತ್ತದೆ. ನಿಯಮ ಗೊತ್ತಿದ್ದವನಿಗೆ ಅಂಕಿಯೂ ಗೊತ್ತು. ಆದ್ದರಿಂದ ನಿಯಮವೇ ಇಲ್ಲದ್ದೊಂದನ್ನು ಹೊರಗಿನಿಂದ ತರಬೇಕು. ದೊಡ್ಡ ಊರುಗಳಲ್ಲಿ ಅದಕ್ಕೆ ಯಂತ್ರಗಳಿವೆ. ಕುಬರಾಳ ಓಣಿಯಲ್ಲಿ ಅಬ್ದುಲ ವಾಹೀದನ ಟ್ಯಾಂಕರಿತ್ತು. ಮುಂಜಾನೆ ಬರುತ್ತೇನೆ ಎಂದರೆ ಮಧ್ಯಾಹ್ನ ಬರುತ್ತಿದ್ದ, ಮಧ್ಯಾಹ್ನ ಎಂದರೆ ಮರುದಿನ. ಟ್ಯಾಂಕರು ಓಣಿಗೆ ತಿರುಗಿದ ನಿಮಿಷವನ್ನು ಕುಬರಾ ಫೋನಿನಲ್ಲಿ ಹಿಡಿಯುತ್ತಿದ್ದಳು, ಅವಳ ಪ್ರೋಗ್ರಾಮು ಅದರಿಂದ ಕೀಲಿ ಮಾಡುತ್ತಿತ್ತು.

ಅವಳ ಗೈಡು ಏಕನಾಥ ಸರ್ ಭಾಲ್ಕಿಯಿಂದ ದಿನಾ ರೈಲಿನಲ್ಲಿ ಬರುವವರು, ಶಿಸ್ತಿನವರು. ಷರತ್ತು ಹಾಕಿದರು.

"ಈ ತಿಂಗಳ ಮುಗಿಯೂತನಕ ಪಂಢರಿ ಇದನ್ನ ಮುರೀಲಿಲ್ಲಂದ್ರ ಥೀಸಿಸ್‌ಗೆ ಸಹಿ ಹಾಕ್ತೇನಿ. ಮುರದ್ರ ಹೊಸ ವಿಷಯ ಹುಡುಕ್ರಿ. ಮೊದಲಿಂದ ಸುರು."

ಪಂಢರಿ ಔರಾದಿನವನು, ಅದೇ ಲ್ಯಾಬಿನವನು. ಕುಬರಾಳ ಕೆಲಸ ಬೀಗ ಮಾಡುವುದು, ಅವನ ಕೆಲಸ ಮುರಿಯುವುದು. ಎರಡಕ್ಕೂ ಕಾಲೇಜು ಒಂದೇ ಪಗಾರ ಕೊಡುತ್ತಿತ್ತು. ಅವನಿಗೆ ಇನ್ನೊಂದು ಕಸುಬೂ ಇತ್ತು. ಕಾರಂಜಾ ಜಲಾಶಯ ಬತ್ತಿದಾಗ ಅಲ್ಲಿಯ ಮೀನೊಂದು ಕೆಲಸ ಹುಡುಕಿಕೊಂಡು ಹೈದರಾಬಾದಿನ ಬಸ್ಸು ಹತ್ತಿದ್ದನ್ನು ತಾನು ಕಣ್ಣಾರೆ ಕಂಡೆನೆಂದು ಹೇಳುತ್ತಿದ್ದ. ಕಂಡಕ್ಟರು ಅರ್ಧ ಟಿಕೆಟ್ ಹರಿದನಂತೆ. ಯಾರಾದರೂ ನಕ್ಕರೆ ಅವನಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ದಿನಾ ಬೆಳಿಗ್ಗೆ ಪಂಢರಿ ಅಂದು ಟ್ಯಾಂಕರು ಬರುವ ಹೊತ್ತನ್ನು ಊಹಿಸಿ ಕುಬರಾಳಿಗೆ ಬರೆದು ಕಳಿಸುತ್ತಿದ್ದ. ಮೊದಮೊದಲು ಎಲ್ಲ ತಪ್ಪಿತು. ಕುಬರಾ ಒಂದು ದಿನ ಖುಷಿಗೆ ಲ್ಯಾಬಿಗೆಲ್ಲ ಒಗ್ಗರಣೆ ಮಂಡಕ್ಕಿಯ ಸುಸಲಾ ತಂದು ಹಂಚಿದಳು. ಮರುದಿನ ಅವನು 'ಹತ್ತು ಐವತ್ತೊಂದು' ಎಂದು ಬರೆದ. ಟ್ಯಾಂಕರು ಹತ್ತು ಐವತ್ತೊಂದಕ್ಕೆ ಓಣಿಗೆ ತಿರುಗಿತು. ಇರಲಿ, ಕಾಕತಾಳೀಯ. ಅದರ ಮರುದಿನವೂ ಅವನು ಬರೆದ ಹೊತ್ತಿಗೇ ಬಂತು. ಮೂರನೆಯ ದಿನವೂ ಬಂತು. ಕುಬರಾಳಿಗೆ ಊಟ ಸೇರಲಿಲ್ಲ.

ಪಂಢರಿ ಲ್ಯಾಬಿನ ಬಾಗಿಲು ಮುಚ್ಚಿ ಅವಳೆದುರು ಕುಳಿತ.

"ಸರ್‌ಗಿನ್ನೂ ಹೇಳಿಲ್ರಿ ಮೇಡಂ. ಮುರದವ ಮೊದಲ ಮಾಡದವರಿಗಿ ಗುಟ್ಟಾಗಿ ಹೇಳ್ಬೇಕು, ರಿಪೇರಿಗಿ ಟೈಮ್ ಕೊಡ್ಬೇಕು, ಆಮ್ಯಾಲ ಡಂಗುರ ಹೊಡೀಬೇಕು. ನಮ್ಮ ಧಂಧೆದಾಗ ಅದು ರಿವಾಜ. ನಿಮ್ಗ ಒಂದ ವಾರ."

"ಅದಿರ್ಲಿ, ಹ್ಯಾಂಗ ಗೊತ್ತಾತ್ರಿ ನಿಮ್ಗ?"

"ಗೊತ್ತಾಗೂದೇನದ? ನಾನೇ ಕಳಸ್ಲತ್ತೀನಿ." ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ವಾಹೀದ ಭಾಯ್ ಮನ್ನಳ್ಳಿ ಬೋರಿನಾಗ ನೀರು ತುಂಬಸ್ಕೊಂಡು ದಾರ್ಯಾಗ ಚಾ ಕುಡೀಲಾಕ ನಿಂದರ್ತಾನ. ನಾನು ಅಲ್ಲಿ ಕುಂತು ಮೀನಿನ ಕಥಿ ಹೇಳ್ತೇನಿ. ಟ್ಯಾಂಕರ್ ತಡ ಆಗ್ಬೇಕಂದ್ರ ಮೀನಿಗಿ ಸೀಟ್ ಸಿಗಂಗಿಲ್ಲ. ಲಗೂನ ಹೋಗ್ಬೇಕಂದ್ರ ಮೀನಿಗಿ ನಿದ್ದಿ ಬರ್ತದ. ಮೀನು ಮಲಗ್ತಂದ್ರ ವಾಹೀದ ಭಾಯ್ ಎದ್ದು ಗಾಡಿ ಚಾಲೂ ಮಾಡ್ತಾನ."

"ಇದು ಮೋಸಾರಿ!"

"ಮೋಸಾನೇ ನನ್ನ ಸಬ್ಜೆಕ್ಟ್ ಅಲ್ಲೇನ್ರಿ."

ಕುಬರಾ ಮನೆಗೆ ಹೋಗಿ ಸಿಟ್ಟಿನಿಂದ ಮಾಳಿಗೆ ಹತ್ತಿ ಕುಳಿತಳು. ಮೂರು ವರ್ಷದ ಕೆಲಸ ಒಂದು ಮೀನಿನ ನಿದ್ದೆಯಲ್ಲಿ ಹೋಗಿತ್ತು. ಕೆಳಗೆ ಟ್ಯಾಂಕರಿಗಾಗಿ ಕೊಡಗಳು ಸಾಲಾಗಿ ಪಾಳಿ ನಿಂತಿದ್ದವು. ಓಣಿಯ ಅರ್ಧ ಮನೆಗಳಿಗೆ ಬೀಗ. ಅವರೆಲ್ಲ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಹೋಗುವಾಗ ಪಾಳಿಯ ಹಕ್ಕು ತಪ್ಪಬಾರದೆಂದು ತಮ್ಮ ಕೊಡಗಳನ್ನು ನೆರೆಯವರ ಕೈಗೆ ಕೊಟ್ಟು ಹೋಗಿದ್ದರು. ಹಾಗಾಗಿ ಪಾಳಿಯಲ್ಲಿ ನಿಂತ ಒಬ್ಬೊಬ್ಬಳ ಹಿಂದೆ ಕೆಂಪು, ನೀಲಿ, ಹಸಿರು ಕೊಡಗಳ ಒಂದೊಂದು ಸಂಸಾರ.

"ಆ ನೀಲಿ ಕೊಡ ಯಾರದು? ಪುಣೆಕ್ಕ ಹೋದವರದು ಹಿಂದ ಹಚ್ಚು!" ಅನುಸೂಯಾಬಾಯಿಯ ದನಿ. ಓಣಿಗೆಲ್ಲ ಅವಳು ಮೌಸಿ, ಚಿಕ್ಕಮ್ಮ; ಪಾಳಿಯ ಯಜಮಾನಿಕೆ ಅವಳದು.

"ಹೋದೋರಿಗಿ ನೀರಡಿಕಿ ಇರಂಗಿಲ್ಲೇನು ಮೌಸಿ?" ಎಂದಿತು ಪಾಳಿಯಿಂದ ಇನ್ನೊಂದು ದನಿ.

"ಇದ್ರ ಅಲ್ಲಿ ಕುಡೀಲಿ!"

ಕೊಡಗಳು ಮುಂದೆ ಹೋದವು, ಹಿಂದೆ ಬಂದವು, ಒಂದು ಉರುಳಿ ಗಟಾರ ಸೇರಿ ಮತ್ತೆ ಎಲ್ಲರಿಗಿಂತ ಮುಂದೆ ನಿಂತಿತು. ಕುಬರಾ ಎದ್ದು ನಿಂತಳು. ಒಬ್ಬ ಡ್ರೈವರನಿಗೆ ಕಥೆ ಹೇಳಬಹುದು. ಇಡೀ ಓಣಿಗೆ ಯಾರು ಕಥೆ ಹೇಳಿಯಾರು?

ಅವಳು ಫೋನಿನ ಕ್ಯಾಮೆರಾ ಪಾಳಿಯತ್ತ ತಿರುಗಿಸಿ ಅದನ್ನು ಮಾಳಿಗೆಯ ಕಟ್ಟೆಗೆ ಕಟ್ಟಿದಳು. ನೀರು ಬಿಟ್ಟ ಕ್ಷಣದಲ್ಲಿ ಕೊಡಗಳ ಬಣ್ಣ ಯಾವ ಕ್ರಮದಲ್ಲಿದೆಯೋ ಅದನ್ನು ಅಂಕಿ ಮಾಡಿ ಟ್ಯಾಂಕರಿನ ನಿಮಿಷದ ಜೊತೆ ಕಲಸಿದಳು. ಎರಡರಲ್ಲಿ ಒಂದಾದರೂ ಊಹೆಗೆ ಸಿಗದಿದ್ದರೆ ಸಾಕು, ಕೀಲಿ ಗಟ್ಟಿ. ಪಂಢರಿಗೆ ಹೇಳಿದಳು, "ಈಗ ಮುರೀರಿ ನೋಡೋಣು."

ಅವನು ಎರಡು ದಿನ ಪಾಳಿಯಲ್ಲಿ ನಿಂತು ಮೀನಿನ ಕಥೆ ಹೇಳಿದ. ಹೆಂಗಸರು ಕಥೆಯನ್ನೂ ಕೇಳಿದರು, ಜಗಳವನ್ನೂ ಬಿಡಲಿಲ್ಲ. ಮೀನು ಯಾರ ಪಾಳಿ ತಪ್ಪಿಸಿ ಬಸ್ಸು ಹತ್ತಿತೆಂದು ಹೊಸ ಜಗಳವೊಂದು ಹುಟ್ಟಿತು. ಮೂರನೆಯ ದಿನ ಅವನು ಬರಲಿಲ್ಲ, ಜ್ವರ ಎಂದು ಹೇಳಿ ಕಳಿಸಿದ.

ತಿಂಗಳ ಕೊನೆಗೆ ಏಕನಾಥ ಸರ್ ಖುದ್ದು ಓಣಿಗೆ ಬಂದರು. ಕೊಡಗಳ ಅವ್ಯವಸ್ಥೆ ಕಂಡು ಅವರ ಮನಸ್ಸು ತಡೆಯಲಿಲ್ಲ.

"ಮೇಡಂ, ಬಣ್ಣದ ಪ್ರಕಾರ ನಿಂದರಸಿದ್ರ ನಿಮ್ದು ಮುರೀತದಲ್ಲ?"

"ನಿಂದರಸ್ರಿ ಸರ್," ಎಂದಳು ಕುಬರಾ.

ಸರ್ ಕೆಂಪು ಕೊಡಗಳನ್ನು ಒಂದು ಕಡೆ ಎತ್ತಿಟ್ಟು ನೀಲಿಯದಕ್ಕೆ ಕೈ ಹಾಕಿದ್ದರು, ಅಷ್ಟರಲ್ಲಿ ಅನುಸೂಯಾಬಾಯಿ ಬಂದಳು.

"ಯಾರಪಾ ನೀನು?"

"ನಾನು ಭಾಲ್ಕಿದವ್ರಿ, ಪ್ರೊಫೆಸರ್..."

"ಭಾಲ್ಕಿಗಿ ಹೋಗಿ ಪಾಳಿ ಹಚ್ಚು. ಇಲ್ಲಿ ಕೊಡ ಮುಟ್ಟಬ್ಯಾಡ!"

ಅದೇ ಹೊತ್ತಿಗೆ ಟ್ಯಾಂಕರು ಬಂತು. ಓಣಿ ಒಂದೇ ಸಲ ನುಗ್ಗಿತು, ಪೈಪು ಯಾರದೋ ಕೈಯಿಂದ ಜಾರಿತು, ಸರ್ ತಲೆಯಿಂದ ಬೂಟಿನವರೆಗೆ ತೊಯ್ದರು. ಆ ವರ್ಷ ಬೀದರಿನಲ್ಲಿ ಪೂರ್ತಿ ತೊಯ್ದ ಮನುಷ್ಯನನ್ನು ಕಂಡವರಿರಲಿಲ್ಲ. ಪಕ್ಕದ ಓಣಿಯಿಂದಲೂ ನೋಡಲು ಜನ ಬಂದರು. ಅನುಸೂಯಾಬಾಯಿ ಅವರ ಅಂಗಿಯ ಚುಂಗು ಹಿಡಿದು ಕೊಡದೊಳಗೆ ಹಿಂಡಿಕೊಂಡಳು. ಸರ್ ಸುಮ್ಮನೆ ನಿಂತು ಹಿಂಡಿಸಿಕೊಂಡರು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಳಿತು ಕುಬರಾ ತಂದ ಥೀಸಿಸ್‌ಗೆ ಸಹಿ ಹಾಕಿದರು. ಮಸಿ ಅಲ್ಲಲ್ಲಿ ಹರಡಿತು.

"ಮುರಿಯೂದಿಲ್ಲ ಬಿಡ್ರಿ ಇದು," ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಸಂಜೆಯಾದರೂ ಟ್ಯಾಂಕರು ಬರಲಿಲ್ಲ. ಅನುಸೂಯಾಬಾಯಿ ಕುಬರಾಳನ್ನು ಕರೆದುಕೊಂಡು ಮನ್ನಳ್ಳಿ ದಾರಿ ಹಿಡಿದಳು. ಚಹಾದ ಹೋಟೆಲಿನ ಮುಂದೆ ವಾಹೀದ ಗಲ್ಲಕ್ಕೆ ಕೈ ಕೊಟ್ಟು ಕುಳಿತಿದ್ದ.

"ಮೀನು ಜಹೀರಾಬಾದಿನಾಗ ಬಸ್ ಇಳದು ನಿಂತದ ಮೌಸಿ. ಮುಂದ ಏನಾತು ಹೇಳವ ಇಲ್ಲ, ಇಷ್ಟ ದಿನ ಹ್ಯಾಂಗೋ ತಡಕೊಂಡೆ. ನನ್ಗ ಗಾಡಿ ಹೊಡೀಲಾಕ ಮನಸೇ ಬರವಲ್ದು."

ಪಂಢರಿಯ ಜ್ವರ ಆ ಕ್ಷಣವೇ ಬಿಡಿಸಲಾಯಿತು. ಅಂದಿನಿಂದ ದಿನಾ ಮುಂಜಾನೆ ಅವನು ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಕುಳಿತು, ಗಾಡಿ ಓಡುವಾಗ ಮಾತ್ರ ಕಥೆ ಹೇಳಬೇಕೆಂದು ಓಣಿ ಠರಾವು ಮಾಡಿತು. ಗಾಡಿ ನಿಂತರೆ ಮೀನೂ ನಿಲ್ಲಬೇಕು. ವಾಹೀದ ಚಹಾ ಕುಡಿಯುವುದನ್ನೇ ಬಿಟ್ಟ. ಟ್ಯಾಂಕರು ದಿನಾ ಎಂಟಕ್ಕೆ ಸರಿಯಾಗಿ ಬರತೊಡಗಿತು. ಜನ ಅದನ್ನು ನೋಡಿ ಗಡಿಯಾರ ಸರಿಮಾಡಿಕೊಂಡರು. ಕುಬರಾಳ ಲೆಕ್ಕದಲ್ಲಿ ಟ್ಯಾಂಕರಿಗೆ ಇನ್ನು ಬೆಲೆಯಿರಲಿಲ್ಲ. ಕೊಡಗಳು ಇದ್ದವಲ್ಲ, ಸಾಕಿತ್ತು.

ಒಂದು ಮುಂಜಾನೆ ಪಂಢರಿ ಕ್ಯಾಬಿನ್ನಿನಿಂದ ಇಳಿಯುತ್ತ ಸುಸ್ತಾಗಿ ಹೇಳಿದ, "ಮೌಸಿ, ಮೀನಿಗಿ ಹೈದರಾಬಾದಿನಾಗ ಸಾಕಾಗ್ಯಾದ. ನಾಳಿಗಿ ಊರಿಗಿ ಹೊಂಟದ."

ಅನುಸೂಯಾಬಾಯಿ ಕೊಡವನ್ನು ಸೊಂಟಕ್ಕೇರಿಸಿ ಬೀಗ ಹಾಕಿದ ಮನೆಗಳತ್ತ ಒಮ್ಮೆ ನೋಡಿದಳು.

"ಎಲ್ಲರೂ ಬಂದಾಗ ಅದೂ ಬರ್ಲಿ. ಮಳಿ ಬೀಳೂತನಕ ಅದನ್ನ ಬಸ್ ಹತ್ತಿಸ್ಬ್ಯಾಡ ನೋಡು."