ಶುಕ್ರವಾರದ ಪೇಪರು

"ತುತ್ತು ಅನ್ನಕ್ಕೆ ಕಣ್ಣೀರಿಟ್ಟ ತಾಯಿ! ಹಡೆದ ಹೊಟ್ಟೆಗೆ ಬೆಂಕಿಯಿಟ್ಟ ಸೊಸೆಯೆಂಬ ಮಾರಿ!"

ಭಾನುಪ್ರಿಯಾ ತಲೆಬರಹವನ್ನು ನಾಟಕದವರ ಗತ್ತಿನಲ್ಲಿ ಓದಿದಳು. ಜಗಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಅಮ್ಮಾಜಮ್ಮನ ಕೈ ನಿಂತಿತು.

"ಅಯ್ಯೋ ಪಾಪಂ! ಯಾವೂರೋಳಂತಮ್ಮ ಆ ಸೊಸೆ?"

"ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಅಂತ ಹಾಕವ್ರೆ ಅತ್ತಮ್ಮ. ಹೆಸರು ಕೊಟ್ಟಿಲ್ಲ."

"ಯಾಕ್ ಕೊಟ್ಟಿಲ್ಲ? ಕೊಡ್ಬೇಕು. ಅಂಥೋಳ್ನ ಕತ್ತೆ ಮೇಲೆ ಕೂರ್ಸಿ ಮೆರವಣಿಗೆ ಮಾಡ್ಬೇಕು."

"ಊರು ಬಿಟ್ಟು ಓಡಿಸ್ಬೇಕು ಅನ್ನಿ" ಎಂದು ಸೊಸೆಯೂ ದನಿಗೂಡಿಸಿದಳು.

ಮೇಲೂರಿನ ಆ ಮನೆಯಲ್ಲಿ ಶುಕ್ರವಾರದ ಸಂಜೆಯೆಂದರೆ ಹೀಗೆಯೇ. ಚಿಂತಾಮಣಿಯಿಂದ ಹೊರಡುವ 'ತಾಲ್ಲೂಕು ಸಿಡಿಲು' ಎಂಬ ವಾರಪತ್ರಿಕೆಯನ್ನು ಅಮ್ಮಾಜಮ್ಮನ ಮಗ ರಮೇಶ್‌ಬಾಬು ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಕದ್ದ ಮಾಲಿನಂತೆ ಮಡಿಚಿ ತರುತ್ತಿದ್ದ. "ಬರೀ ಕಸ" ಎನ್ನುತ್ತಿದ್ದ. ಹಾಗೆನ್ನುವವನು ಬಚ್ಚಲಿಗೆ ಹೋಗುವಾಗ ಮಾತ್ರ ಆ ಕಸವನ್ನು ಮರೆಯದೆ ಕೊಂಡೊಯ್ಯುತ್ತಿದ್ದ. ಅಮ್ಮಾಜಮ್ಮನಿಗೆ ಅಕ್ಷರ ಬಾರದು. ಸೊಸೆ ಓದಬೇಕು, ಅತ್ತೆ ಕೇಳಬೇಕು, ಇಬ್ಬರೂ ಸೇರಿ ಬೈಯಬೇಕು. ಓದುವವಳಿಗೆ ಅಷ್ಟು ಹೊತ್ತು ಕೆಲಸದಿಂದ ಬಿಡುವು ಬೇರೆ. ಯಾರದೋ ಮನೆಯ ಕದ ಸರಿಸಿ ಇಣುಕುವ ಸುಖವನ್ನು ಅತ್ತೆ ಸೊಸೆ ಸಮಪಾಲು ಮಾಡಿಕೊಂಡಿದ್ದರು. ಪತ್ರಿಕೆಗೂ ಅದು ಗೊತ್ತಿತ್ತು. "ಓದುಗರೇ, ನಿಮ್ಮ ಎದೆ ಮುಟ್ಟಿಕೊಂಡು ಹೇಳಿ" ಎಂದು ಪ್ರತಿ ಪುಟದಲ್ಲೂ ಕೇಳುತ್ತಿತ್ತು. ಇವರು ಮುಟ್ಟಿಕೊಂಡು ಹೇಳುತ್ತಿದ್ದರು.

ಭಾನುಪ್ರಿಯಾ ಮಡಿಕೆ ಬಿಚ್ಚಿದಳು. ತಲೆಬರಹದ ಕೆಳಗೆ ಅರ್ಧ ಪುಟದ ಫೋಟೋ. ಬೆಂಚಿನ ಮೇಲೆ ಒಬ್ಬಳೇ ಕೂತ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಹಸಿರು ಅಂಚಿನ ಸೀರೆ. ಆ ಸೀರೆಗೆ ಫಾಲ್ಸ್ ಹೊಲಿದವಳು ಭಾನುಪ್ರಿಯಾಳೇ.

"ಓದಮ್ಮ, ಯಾಕ್ ನಿಲ್ಲಿಸ್ದೆ?"

"ಇದು ನೀವು ಅತ್ತಮ್ಮ" ಎಂದಳು.

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಅತ್ತೆಯ ಕಣ್ಣು ಮಂಜಾಗುತ್ತಿದೆಯೆಂದು ಹಟ ಹಿಡಿದು ಕರೆದುಕೊಂಡು ಹೋದವಳೂ ಭಾನುಪ್ರಿಯಾಳೇ. ಕಣ್ಣಿಗೆ ಔಷಧಿ ಬಿಟ್ಟು ಹೊರಗೆ ಕೂರಿಸಿದ್ದರು. ನೀರು ಸುರಿಯುತ್ತದೆ, ಹೆದರಬೇಡಿ ಎಂದೂ ಹೇಳಿದ್ದರು. ಊಟದ ಡಬ್ಬಿಯಿದ್ದ ಬುಟ್ಟಿಯನ್ನು ಅತ್ತೆಯ ಪಕ್ಕದಲ್ಲಿಟ್ಟು ಅವಳು ಬಾಳೆಹಣ್ಣು ತರಲು ಹೋಗಿದ್ದಳು. ಫೋಟೋದ ಮೂಲೆಯಲ್ಲಿ ಆ ಬುಟ್ಟಿಯೂ ಅರ್ಧ ಕಾಣುತ್ತಿತ್ತು. ಕೆಂಪು ಬಿಳಿ ವೈರಿನದು, ಅವಳು ಕೈಯಾರೆ ಹೆಣೆದದ್ದು.

"ಅಲ್ಲಿ ಯಾರಾದ್ರೂ ನಿಮ್ಮನ್ನ ಮಾತಾಡಿಸಿದ್ರಾ?"

"ಕ್ಯಾಮೆರಾದೋನೊಬ್ಬ ಬಂದಿದ್ದ. ಊಟ ಆಯ್ತೇನಮ್ಮ ಅಂದ. ಇಲ್ಲಪ್ಪ ಅಂದೆ. ಆಗಿರ್ಲಿಲ್ವಲ್ಲ."

"ಡಬ್ಬಿ ಪಕ್ಕದಲ್ಲೇ ಐತೆ, ಸೊಸೆ ಹಣ್ಣು ತರಕ್ಕೆ ಹೋಗವ್ಳೆ ಅಂತ ಹೇಳ್ಬಾರದಾ?"

"ಅದನ್ನ ಅವನು ಕೇಳ್ಲಿಲ್ಲ."

"ಇನ್ನೇನಂದ್ರಿ?"

"ಏನೋ ಕೇಳ್ದ, ಏನೋ ಹೇಳ್ದೆ. ಎಲ್ಲಾ ನೆನಪಿರ್ತದಾ?" ಅಮ್ಮಾಜಮ್ಮ ಪೇಪರನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. "ಫೋಟೋ ಚೆನ್ನಾಗಿ ಬಂದೈತೇನಮ್ಮ?"

ಭಾನುಪ್ರಿಯಾಳ ಎದೆಯಲ್ಲಿ ಹುಳ ಹೊಕ್ಕಿದ್ದು ಆಗಲೇ. ಆ "ಏನೋ" ಎಂದರೆ ಏನು?

ಊರಿಗೆ ಹೆಸರು ಬೇಕಿರಲಿಲ್ಲ, ಸೀರೆಯೇ ಸಾಕಾಯಿತು. ಮರುದಿನ ಡೈರಿಯಲ್ಲಿ ಹಾಲು ಹಾಕಲು ನಿಂತಾಗ ಹಿಂದೆ ಸಾಲಿನಲ್ಲಿದ್ದವರ ಮಾತು ತಟ್ಟನೆ ನಿಂತುಹೋಯಿತು. ಭಾನುಪ್ರಿಯಾ ಮನೆಗೆ ಓಡಿ ಹೋಗಿ ಬುಟ್ಟಿಯನ್ನೂ ಪೇಪರನ್ನೂ ತಂದು ಪಕ್ಕದ ಮನೆಯ ವೆಂಕಟರತ್ನಮ್ಮನಿಗೆ ತೋರಿಸಿದಳು. "ನೋಡ್ರಕ್ಕ, ಇದೇ ಬುಟ್ಟಿ. ನಾನು ಅಲ್ಲೇ ಇದ್ದೆ."

ವೆಂಕಟರತ್ನಮ್ಮ ಬುಟ್ಟಿಯನ್ನು ತಿರುಗಿಸಿ ನೋಡಿ, "ಹೆಣಿಗೆ ಚೆನ್ನಾಗೈತೆ ಕಣಮ್ಮ" ಎಂದಳು. ಆಮೇಲೆ ಯಾರಿಗೂ ಅಲ್ಲವೆಂಬಂತೆ, "ಬೆಂಕಿ ಇಲ್ದೆ ಹೊಗೆ ಬರ್ತದಾ" ಎಂದು ಗೊಣಗಿದಳು. ಅವತ್ತು ಮಧ್ಯಾಹ್ನ ಬಿಸಿ ಮುದ್ದೆ, ಹಿತಕಬೇಳೆ ಸಾರು ಹೊತ್ತು ಜಗಲಿಗೇ ಬಂದಳು. "ಅಕ್ಕಯ್ಯ, ಊಟ ಆಯ್ತಾ?"

ಅಮ್ಮಾಜಮ್ಮನ ಊಟ ಆಗಿ ಗಂಟೆಯಾಗಿತ್ತು. ಎರಡು ಸಲ ಸಾರು ಹಾಕಿಸಿಕೊಂಡು ಉಂಡಿದ್ದಳು. ಒಳಗಿನಿಂದ ಭಾನುಪ್ರಿಯಾ ಕಿವಿಗೊಟ್ಟು ಕಾದಳು. ಅತ್ತೆ ಆಯಿತೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ಯಾಕ್ ತರಕ್ಕೆ ಹೋದ್ಯಮ್ಮ" ಎನ್ನುತ್ತ ತಟ್ಟೆಗೆ ಕೈ ಚಾಚಿದಳು.

ಅಂದಿನಿಂದ ಜಗಲಿಗೆ ಜನ ಹೆಚ್ಚಿತು. ಯಾರೂ ಜಗಳಕ್ಕೆ ಬರುತ್ತಿರಲಿಲ್ಲ, ಮುದುಕಿಯ ಕೈ ಹಿಡಿದು ಕೂರಲು ಬರುತ್ತಿದ್ದರು. ಅಮ್ಮಾಜಮ್ಮ ಗಂಡನನ್ನು ಕಳೆದುಕೊಂಡಾಗಲೂ ಇಷ್ಟು ಜನ ಕೈ ಹಿಡಿದಿರಲಿಲ್ಲ. ಅವಳ ಮುಖ ಒಂದು ಬಗೆಯಲ್ಲಿ ಅರಳುತ್ತಿತ್ತು. ಭಾನುಪ್ರಿಯಾ ಹೊರಗೆ ಬಂದರೆ ಅರಳಿದ್ದು ಮುದುಡುತ್ತಿತ್ತು. ಇದು ತನ್ನ ಭ್ರಮೆಯೋ, ನಿಜವೋ? ಕದದ ಹಿಂದೆ ನಿಂತು ಕೇಳುವ ಅಭ್ಯಾಸ ಅವಳಿಗೆ ಎಂದೂ ಇರಲಿಲ್ಲ. ಈಗ ಬಂತು. ತನ್ನ ಮನೆಯಲ್ಲೇ ಕಳ್ಳಿಯಾದೆನಲ್ಲ ಎಂದು ನಾಚಿಕೆಯೂ ಆಯಿತು, ಆದರೂ ಕೇಳಿದಳು.

ಮುಂದಿನ ಶುಕ್ರವಾರ ರಮೇಶ್‌ಬಾಬು ಪೇಪರು ತರಲಿಲ್ಲ. ವೆಂಕಟರತ್ನಮ್ಮ ತಂದಳು. "ಓದುಗರ ಕಣ್ಣೀರು ಕಟ್ಟೆಯೊಡೆಯಿತು!" ಗೌರಿಬಿದನೂರಿನ ಒಬ್ಬ ಸೋದರಿ ಆ ತಾಯಿಯನ್ನು ತನ್ನ ಮನೆಗೆ ಕಳಿಸಿಕೊಡಿ ಎಂದು ಬರೆದಿದ್ದಳು. ಕೆಂಚಾರ್ಲಹಳ್ಳಿಯ ಒಬ್ಬರು ಸೊಸೆಗೆ ಎಂಥ ಶಿಕ್ಷೆಯಾಗಬೇಕೆಂದು ಬಿಡಿಸಿ ಹೇಳಿದ್ದರು. ಕತ್ತೆಯ ಮಾತು ಅಲ್ಲೂ ಇತ್ತು. ಭಾನುಪ್ರಿಯಾಳಿಗೆ ತಾನೇ ಓದಿ ಬೈದಿದ್ದ ಹಳೆಯ ಸೊಸೆಯರೆಲ್ಲ ನೆನಪಾದರು. ಅವರ ಫೋಟೋಗಳ ಮೂಲೆಯಲ್ಲಿ ಏನೇನಿತ್ತೋ, ಅವಳು ಒಮ್ಮೆಯೂ ನೋಡಿರಲಿಲ್ಲ.

"ಇನ್ನೊಂದ್ ಸಲ ಓದಮ್ಮ" ಎಂದು ಅಮ್ಮಾಜಮ್ಮ ವೆಂಕಟರತ್ನಮ್ಮನಿಗೆ ಹೇಳುತ್ತಿದ್ದಳು. "ಆ ಗೌರಿಬಿದನೂರಿನೋಳ್ದು."

ಅವತ್ತು ಸಂಜೆ ಅತ್ತೆ ಕಾಫಿಯ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟಳು. "ಆರೋಗೈತೆ" ಎಂದಳು. ಇಪ್ಪತ್ತು ವರ್ಷಗಳಿಂದ ಅವಳು ಕಾಫಿಯನ್ನು ಆರಿಸಿಕೊಂಡೇ ಕುಡಿಯುವವಳು.

"ಯಾವತ್ತೂ ಇಲ್ಲದ್ದು ಇವತ್ತೇನು ಅತ್ತಮ್ಮ?"

"ಯಾವತ್ತೂ ನಾನು ಬಾಯಿ ಬಿಡ್ಲಿಲ್ಲ, ಅಷ್ಟೇ."

ಭಾನುಪ್ರಿಯಾಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಅಷ್ಟಾದರೂ ಅವಳಿಗೆ ಬೇಕಿದ್ದುದು ಹೆಚ್ಚೇನಲ್ಲ, ಅತ್ತೆಯ ಬಾಯಿಂದ ಒಂದೇ ಮಾತು. "ನನ್ನ ಸೊಸೆ ಚೆನ್ನಾಗಿ ನೋಡ್ಕೊಂತಾಳೆ" ಎಂದು ನಾಲ್ಕು ಜನರೆದುರು ಅಂದುಬಿಟ್ಟರೆ ಊರು ಹೇಗೂ ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತದೆ. ಗಂಡನ ಬೆನ್ನು ಹತ್ತಿದಳು. ರಮೇಶ್‌ಬಾಬು ಚಿಂತಾಮಣಿಗೆ ಹೋಗಿ ಕೂಗಾಡಿ ಬಂದ. ಮೊದಲೇ ಹೇಳಿ ಕಳಿಸಿದ್ದಂತೆ ಭಾನುವಾರ ಪತ್ರಿಕೆಯ ಸಂಪಾದಕ ಕೋನಪ್ಪ ತಾನೇ ಮನೆಗೆ ಬಂದ.

ಭಾನುಪ್ರಿಯಾ ರಾಕ್ಷಸನನ್ನು ಎದುರು ನೋಡಿದ್ದಳು. ಬಂದವನು ಮದುವೆ ಮನೆಗೆ ಬಂದ ಸೋದರಮಾವನಂತಿದ್ದ. ಚಪ್ಪಲಿ ಹೊರಗೆ ಬಿಟ್ಟ, ಅಮ್ಮಾಜಮ್ಮನ ಕಾಲು ಮುಟ್ಟಿದ.

"ನಾನು ಯಾರ ಹೆಸರಾದ್ರೂ ಹಾಕಿದೀನೇನಮ್ಮ?" ಎಂದು ನಗುತ್ತಲೇ ಭಾನುಪ್ರಿಯಾಳನ್ನು ಕೇಳಿದ. "ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಂತೀರಾ?"

"ಫೋಟೋ ಹಾಕಿದೀರಲ್ಲ?"

"ಅದು ಬರೀ ಸಾಂಕೇತಿಕ ಚಿತ್ರ. ಹೆಸರು ನಾನ್ ಹಾಕಿಲ್ಲ, ಓದ್ದೋರು ಹಾಕ್ಕೊಂಡ್ರು. ಹೋಗ್ಲಿ ಬಿಡಿ, ಸ್ಪಷ್ಟನೆ ಹಾಕಣ. ಅಮ್ಮ ಒಂದು ಮಾತು ಹೇಳ್ಲಿ. ನೀವಿಬ್ರೂ ಒಟ್ಟಿಗೆ ಕೂತ್ಕೊಳಿ, ಫೋಟೋ ತೆಗೀತೀನಿ."

ಅಮ್ಮಾಜಮ್ಮ ಆಗಲೇ ಸಿದ್ಧವಾಗಿದ್ದಳು. ತಲೆಗೆ ಎಣ್ಣೆ ಹಾಕಿ ಬಾಚಿದವಳು ಭಾನುಪ್ರಿಯಾಳೇ. ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ಅತ್ತೆ ಅದನ್ನು ಬದಿಗೆ ಸರಿಸಿ ಹಸಿರು ಅಂಚಿನದನ್ನೇ ಉಟ್ಟಿದ್ದಳು. ಜಗಲಿಯಲ್ಲಿ ವೆಂಕಟರತ್ನಮ್ಮನೂ ಇನ್ನೂ ಐದಾರು ಹೆಂಗಸರೂ ನೆರೆದರು. ಭಾನುಪ್ರಿಯಾ ವೈರಿನ ಬುಟ್ಟಿಯನ್ನು ತಂದು ಅತ್ತೆಯ ಕಾಲ ಬಳಿ, ಎಲ್ಲರಿಗೂ ಕಾಣುವಂತೆ ಇಟ್ಟು ಪಕ್ಕದಲ್ಲಿ ಕೂತಳು.

"ಹೇಳಮ್ಮ" ಎಂದ ಕೋನಪ್ಪ. "ಸೊಸೆ ಚೆನ್ನಾಗಿ ನೋಡ್ಕೊಂತಾರಾ?"

ಅಮ್ಮಾಜಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ನಿಂತ ಹೆಂಗಸರನ್ನು ನೋಡಿದಳು. ಅವರೆಲ್ಲ ಮುಂದಕ್ಕೆ ಬಾಗಿ ಕಾಯುತ್ತಿದ್ದರು. ಶುಕ್ರವಾರದ ಸಂಜೆ ತಾನು ಬಾಗಿ ಕಾಯುತ್ತಿದ್ದುದೂ ಹೀಗೆಯೇ.

"ನೋಡ್ಕೊಂತಾಳಪ್ಪ" ಎಂದಳು. ಸ್ವಲ್ಪ ತಡೆದು, "ಏನೋ, ನಡೀತೈತೆ" ಎಂದಳು.

ವೆಂಕಟರತ್ನಮ್ಮ ಲೊಚಗುಟ್ಟಿದಳು. ಭಾನುಪ್ರಿಯಾ ಅತ್ತೆಯ ಕೈಯನ್ನು ಮೆಲ್ಲಗೆ ಒತ್ತಿದಳು, ಇನ್ನೊಂದು ಮಾತು ಬರಲಿ ಎಂದು. "ಅತ್ತಮ್ಮ..." ಎಂದಳು. ಕೋನಪ್ಪ ಕ್ಯಾಮೆರಾ ಎತ್ತಿದ. ಅಮ್ಮಾಜಮ್ಮನ ಕೈ ಸೊಸೆಯ ಕೈಯಿಂದ ಬಿಡಿಸಿಕೊಂಡು ಸೆರಗಿಗೆ ಹೋಯಿತು, ಸೆರಗು ಕಣ್ಣಿಗೆ ಹೋಯಿತು. ಔಷಧಿ ಬಿಟ್ಟು ತಿಂಗಳು ದಾಟಿತ್ತು, ಆ ಕಣ್ಣಲ್ಲಿ ನೀರಿರಲಿಲ್ಲ. ಸೆರಗಿನ ಅಂಚಿನಿಂದ ಒಂದು ಕಣ್ಣು ಕ್ಯಾಮೆರಾವನ್ನೇ ನೋಡುತ್ತಿತ್ತು.

"ಒಂಚೂರು ಪಕ್ಕಕ್ಕೆ ಸರೀರಮ್ಮ" ಎಂದ ಕೋನಪ್ಪ ಭಾನುಪ್ರಿಯಾಳಿಗೆ, ತುಂಬ ಮೆತ್ತಗೆ.

ಅವಳು ಎದ್ದು ಕಂಬದ ಹತ್ತಿರ ನಿಂತಳು. ಕೋನಪ್ಪ ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಬಗ್ಗಿ ಬುಟ್ಟಿಯನ್ನೂ ಎತ್ತಿ ಅವಳ ಕೈಗೆ ಕೊಟ್ಟ.