ಚಾರ್ಜಿಗೆ ನಿಲ್ಲುವ ಹೊತ್ತು

ಮನೆಮನೆಗೆ ಔಷಧಿ ಮುಟ್ಟಿಸುವ ಅತ್ತಿಗೆಯ ಎಲೆಕ್ಟ್ರಿಕ್ ಬೈಕಿಗೆ ಮೈದುನ ಅವಳನ್ನು ಕೇಳದೆಯೇ ಅಗ್ಗದ ಎರಡನೇ ಬ್ಯಾಟರಿ ಕೂರಿಸಿದ. “ಇನ್ಮೇಲೆ ಮಧ್ಯಾಹ್ನ ಚಾರ್ಜಿಗೆ ನಿಲ್ಲಿಸೋ ರಗಳೆನೇ ಇಲ್ಲ ಅತ್ತಿಗೆ,” ಎಂದು ಬೀಗಿದ.

ಅವಳಿಗೆ ಮೈಯೆಲ್ಲ ಉರಿಯಿತು. ಆ ರಗಳೆಯ ಹೆಸರಿನಲ್ಲೇ ಅವಳು ದಿನವೂ ತನ್ನ ಅಕ್ಕನ ಮನೆಯಲ್ಲಿ ಬೈಕು ಚಾರ್ಜಿಗೆ ಹಾಕಿ ಕಾಲು ಚಾಚಿ ಮಲಗುತ್ತಿದ್ದಳು. ಬೈಕು ಚಾರ್ಜಾಗುವಷ್ಟು ಹೊತ್ತು ಯಾರೂ ಕೆಲಸ ಹೇಳುತ್ತಿರಲಿಲ್ಲ.

ಗಂಡ ಆಗಲೇ ಶುರುಮಾಡಿದ. “ಹಾಗಾದ್ರೆ ಮಧ್ಯಾಹ್ನ ನನ್ನ ಊಟದ ಡಬ್ಬಿ ಆಫೀಸಿಗೇ ತಂದ್ಕೊಡೆ, ಬಿಸಿಯಾಗಿರುತ್ತೆ.”

“‘ಬರ್ತಾ ಹಾಗೇ ನನ್ನ ಚಪ್ಪಲಿನೂ ಹೊಲಿಸ್ಕೊಂಡ್ ಬಾರೆ,’” ಎಂದು ಅವನದೇ ರಾಗ ಎಳೆದು ಅಣಕಿಸಿದವಳು ವೈರು ಬಿಚ್ಚಿ, ಆ ಎರಡನೇ ಬ್ಯಾಟರಿಯನ್ನು ಗಂಡನ ಮಡಿಲಿಗಿಟ್ಟಳು.

“ಬೈಕಿಗೆ ಸುಸ್ತಾಗಿದೆ ಅಂದ್ರೆ ಎಲ್ಲರೂ ನಂಬ್ತೀರಿ, ನನಗೆ ಅಂದ್ರೆ ನಗ್ತೀರಿ. ಅದಕ್ಕೇ ಬೈಕಿಗೆ ದಿನಾ ಮಧ್ಯಾಹ್ನ ಸುಸ್ತಾಗ್ಲೇಬೇಕು.”