ನಾಳೆ ಹಬ್ಬ

ನನ್ನ ಹೆಂಡತಿ ಮಂದಾಕಿನಿ ವೈಶಾಖದಲ್ಲಿ ಹರಿಪಾದ ಸೇರಿದಳು. ಅವಳು ‘ನಾಳೆ ಹಬ್ಬ’ ಎಂಬ ಬ್ಲಾಗ್ ನಡೆಸುತ್ತಿದ್ದಳು. ಹಬ್ಬವಾಗಲಿ ಏಕಾದಶಿಯಾಗಲಿ, ಅದರ ಹಿಂದಿನ ದಿನ ಬೆಳಗ್ಗೆ ಅವಳ ಬರಹ ಬರುತ್ತಿತ್ತು. ಏನು ನೆನೆಹಾಕಬೇಕು, ಯಾವ ಪಾತ್ರೆ ತೆಗೆದಿಡಬೇಕು, ಮಡಿಯನ್ನು ಎಲ್ಲಿ ಬಿಗಿಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಎಂದೆಲ್ಲ ತಿಳಿಸುತ್ತಿದ್ದಳು. ಪರ ಊರಿನಲ್ಲಿ ಹೇಳಿಕೊಡುವ ಹಿರಿಯರಿಲ್ಲದ ಸೊಸೆಯರು ಅದನ್ನು ಓದಿ ಹಬ್ಬ ಮಾಡುತ್ತಿದ್ದರು. ನಾನು ಮಾತ್ರ ಓದುತ್ತಿರಲಿಲ್ಲ. ಅಬಿಡ್ಸಿನ ಅಂಚೆ ಕಚೇರಿಯಲ್ಲಿ ಆಯುಷ್ಯ ಕಳೆದ ನನಗೆ ಕಾಗದದ ಮೇಲೆ ಇಲ್ಲದ್ದು ಕಣ್ಣಿಗೆ ಹತ್ತುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಅವಳ ಎರಡೂ ಕೈ ಹೂರಣದಲ್ಲಿರುತ್ತಿದ್ದವು. ಹಾಗಿದ್ದರೆ ಬರೆಯುವುದು ಯಾವಾಗ ಎಂದು ಒಮ್ಮೆ ಅನ್ನಿಸಿತ್ತು, ಕೇಳಲಿಲ್ಲ.

ಭಾದ್ರಪದದಲ್ಲಿ ಅವಳ ಫೋನಿಗೆ ಒಂದು ಸೂಚನೆ ಬಂತು. ಬ್ಲಾಗ್ ನಡೆಸಲು ಜಾಗ ಕೊಟ್ಟ ಕಂಪನಿ ಮುಚ್ಚುತ್ತಿದೆ, ತಿಂಗಳೊಳಗೆ ನಿಮ್ಮ ಬರಹಗಳನ್ನು ಇಳಿಸಿಕೊಳ್ಳಿ ಎಂದಿತ್ತು. ಅವಳದೆಂದು ಉಳಿದಿದ್ದ ಮಾತು ಅದೊಂದೇ. ಕಾಚಿಗೂಡದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮೈಸೂರಿನ ಸಿಂಚನಾ, ಅವಳ ಗಂಡ ಋಷಭ್ ಬಾಡಿಗೆಗಿದ್ದಾರೆ. ಇಬ್ಬರಿಗೂ ಕಂಪ್ಯೂಟರಿನ ನೌಕರಿ. ಸಿಂಚನಾಳನ್ನು ಕರೆದು ಫೋನ್ ಕೊಟ್ಟೆ.

“ಎಲ್ಲಾ ಇಳಿಸ್ಕೊಂಡೆ ಅಂಕಲ್,” ಎಂದಳು ಮಾರನೆಯ ದಿನ. “ಆದ್ರೆ ಒಂದಕ್ಕೊಂದು ಸೇರಿಹೋಗಿದೆ, ಬಿಸಿಬೇಳೆಬಾತ್ ಥರ. ಎಐಗೆ ಕೊಟ್ರೆ ಹಬ್ಬದ ಪ್ರಕಾರ ಜೋಡಿಸಿ ಕೊಡುತ್ತೆ.”

“ಹಂಗಂದ್ರ ಏನವಾ?”

“ಓದಿ, ವಿಂಗಡಿಸಿ ಕೊಡೋ ಯಂತ್ರ ಅಂದ್ಕೊಳ್ಳಿ. ಬೇಕು ಅಂದ್ರೆ ಆಂಟಿ ಥರಾನೇ ಬರೆದೂ ಕೊಡುತ್ತೆ.”

ಆ ಕೊನೆಯ ಮಾತು ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು.

ನನಗಾಗಿ ಅವಳು ಎಲ್ಲವನ್ನೂ ಅಚ್ಚು ಹಾಕಿಸಿ ತಂದಳು. ಸಂಧ್ಯಾವಂದನೆ ಮುಗಿಸಿ, ಕನ್ನಡಕ ಒರೆಸಿಕೊಂಡು ಓದಲು ಕೂತೆ. ಗಣೇಶ ಚೌತಿಯ ಭಾಗದಲ್ಲಿ ವರ್ಷದ ಮೇಲೆ ವರ್ಷ ಬರಹಗಳಿದ್ದವು. ಕೊನೆಯದರ ದಿನಾಂಕ ಈ ವರ್ಷದ್ದು. ಚೌತಿ ಹೋಗಿ ಇನ್ನೂ ಪಕ್ಷವೂ ಕಳೆದಿರಲಿಲ್ಲ. ಅವಳ ಅಸ್ಥಿಯನ್ನು ಕೃಷ್ಣೆಯಲ್ಲಿ ಬಿಟ್ಟವನು ನಾನೇ. ಹಿಂದಕ್ಕೆ ತಿರುವಿದೆ. ಈ ಸಲದ ಪಂಚಮಿಯದೂ ಇತ್ತು, ಗೋಕುಲಾಷ್ಟಮಿಯದೂ ಇತ್ತು. ಮುಂದಕ್ಕೆ ತಿರುವಿದರೆ ಇನ್ನೂ ಬಾರದ ನವರಾತ್ರಿ, ದೀಪಾವಳಿ, ತುಳಸಿ ಲಗ್ನ. ಈ ವರ್ಷದ ಚೌತಿಯ ಬರಹದ ಕೆಳಗೆ ಕಲಬುರಗಿಯ ಅಹಲ್ಯಾ ಎಂಬ ಹೆಣ್ಣುಮಗಳು, “ಕಾಕೂ, ನೀವು ಹೇಳಿದಂಗ ಮಾಡಿದೆ, ಮೋದಕ ಒಡೀಲಿಲ್ಲ,” ಎಂದು ಬರೆದಿದ್ದಳು. ಯಾವ ಕಾಕೂಗೆ?

ಹಾಳೆಗಳು ಕೈಯಿಂದ ಜಾರಿದವು. ನನ್ನ ಅಕ್ಕ ಅಂಬುಬಾಯಿ ಬತ್ತಿ ಹೊಸೆಯುತ್ತ ಅಲ್ಲೇ ಕೂತಿದ್ದಳು. ನನ್ನನ್ನು ಎತ್ತಿ ಆಡಿಸಿದವಳು, ಈಗ ನನ್ನ ಜೊತೆಗೇ ಇರುತ್ತಾಳೆ. ಸಂಗತಿ ಹೇಳಿದೆ.

“ಆ ಯಂತ್ರ ಬರದದ, ಮತ್ತೇನು!” ಎಂದಳು. “ಸತ್ತವರ ಹೆಸರಿಲೆ ಊರಿಗೆಲ್ಲ ಹಬ್ಬ ಹೇಳ್ಲಿಕತ್ತದ. ನಮ್ಮ ಮನ್ಯಾಗ ವರ್ಷದತನಕ ಹಬ್ಬ ಇಲ್ಲ, ಇದಕ್ಕ ಮಾತ್ರ ಸೂತಕ ಇಲ್ಲೇನು? ಕರೀ ಆ ಹುಡುಗೀನ್ನ.”

ಸಿಂಚನಾ ಇಳಿದು ಬಂದಳು. ನಾನು ಹಿಂದೆಮುಂದೆ ನೋಡದೆ ಹೇಳಿದೆ: “ವೈಶಾಖದಿಂದೀಚಿಗಿನವೆಲ್ಲ ಅಳಿಸಿಬಿಡವಾ. ಇಲ್ಲಿವೂ, ಬ್ಲಾಗಿನ್ಯಾಗಿನವೂ. ಅಕಿ ಬಾಯಾಗ ಬ್ಯಾರೆಯವರ ಮಾತು ಇಡಬಾರದು.”

“ನಾನು ಬರಿ ಅಂತ ಹೇಳೇ ಇಲ್ಲ ಅಂಕಲ್. ಒಂದೊಂದ್ಸಲ ಅದು ಇಲ್ಲದ್ದನ್ನ ಸೇರಿಸುತ್ತೆ, ಓದುಗರ ಮಾತನ್ನೂ ಕಟ್ಟಿಬಿಡುತ್ತೆ, ನಿಜ. ನನಗೂ ಗೊತ್ತಾಗ್ತಿಲ್ಲ. ಅಳಿಸಿದ್ರೆ ಮತ್ತೆ ಸಿಗಲ್ಲ. ಅಳಿಸಲಾ?”

“ಅಳಿಸು ಅಂದ್ನಲ್ಲ.”

ಅವಳು ಲ್ಯಾಪ್‌ಟಾಪ್ ತೆರೆದಳು. ನಾನು ನೆಲದ ಮೇಲಿನ ಹಾಳೆಗಳನ್ನು ಆರಿಸಿಕೊಳ್ಳುತ್ತಿದ್ದೆ. ಕಡೆಯ ಹಾಳೆಯಲ್ಲಿ ಆ ಯಂತ್ರ ಸಿಂಚನಾಳಿಗೆ ಬರೆದ ಟಿಪ್ಪಣಿಯೂ ಅಚ್ಚಾಗಿತ್ತು: “ಈ ವರ್ಷದ ಕೆಲವು ಏಕಾದಶಿಗಳ ದಿನಾಂಕ ಸಾಮಾನ್ಯ ಕ್ಯಾಲೆಂಡರಿಗಿಂತ ಒಂದು ದಿನ ತಡವಾಗಿವೆ. ಲೇಖಕಿಯ ತಪ್ಪಿರಬಹುದು. ತಿದ್ದಬೇಕೆ?”

“ತಡಿ!” ಎಂದೆ.

ಏಕಾದಶಿಯ ನಸುಕಿಗೆ ದಶಮಿಯ ಸೋಂಕಿದ್ದರೆ ನಮ್ಮ ಮಠದವರು ಆ ದಿನ ಬಿಟ್ಟು ಮರುದಿನ ಉಪವಾಸ ಮಾಡುತ್ತಾರೆ. ಗೋಡೆಯ ಕ್ಯಾಲೆಂಡರು ಒಂದು ಹೇಳಿದರೆ ಮಠದ ಪಂಚಾಂಗ ಇನ್ನೊಂದು ಹೇಳುತ್ತದೆ. ಕಾಚಿಗೂಡದ ಅಂಗಡಿಯವರು ಉಪವಾಸಕ್ಕೆಂದು ಸಾಬೂದಾನಿ ಕಟ್ಟಿಕೊಡುವ ದಿನ ನಾವು ಊಟ ಮಾಡಿ ನಗೆಗೀಡಾಗಿದ್ದೇವೆ. ಗೂಡಿನಿಂದ ಪಂಚಾಂಗ ತೆಗೆದು ನೋಡಿದೆ. ಬರಹದಲ್ಲಿ ಹೇಳಿದ ಏಕಾದಶಿಗಳೆಲ್ಲ ಅದಕ್ಕೆ ಸರಿಯಾಗಿದ್ದವು. ಯಂತ್ರವೇ ಬರೆದಿದ್ದರೆ ತನ್ನ ಕ್ಯಾಲೆಂಡರಿನಂತೆ ಬರೆಯುತ್ತಿತ್ತು. ತಾನೇ ಬರೆದು ತಾನೇ ತಪ್ಪೆನ್ನುತ್ತದೆಯೇ? ಹಾಗಾದರೆ ಬರೆದವರು ಯಾರು? ನನಗೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು.

ಸಿಂಚನಾ ಮೂಲ ಫೈಲನ್ನು ತೆರೆದು ಬಹಳ ಹೊತ್ತು ನೋಡಿದಳು. “ಅಂಕಲ್, ಇಲ್ಲಿ ಬರೆದ ದಿನ ಬೇರೆ, ಹೊರಗೆ ಬರಬೇಕಾದ ದಿನ ಬೇರೆ ಇದೆ. ಎಐ ಬರೆದ ದಿನ ಬಿಟ್ಟು ಹೊರಗೆ ಬರೋ ದಿನ ಮಾತ್ರ ತಗೊಂಡಿದೆ. ಆಂಟಿ ಇವನ್ನೆಲ್ಲ ಯುಗಾದಿ ಆದ್ಮೇಲೆ ಬರೆದು, ಮುಂದಿನ ತಾರೀಖು ಹಾಕಿ ಇಟ್ಟಿದಾರೆ. ಆ ದಿನ ಬಂದಾಗ ತಾನಾಗೇ ಹೊರಗೆ ಬರುತ್ತೆ.”

ಆಗ ನೆನಪಾಯಿತು. ಯುಗಾದಿಗೆ ನಾನು ಪಂಚಾಂಗ ಶ್ರವಣ ಮಾಡಿಸಿದ ಮೇಲೆ ಅವಳು ಆ ಪುಸ್ತಕವನ್ನು ಕೆಲವು ದಿನ ನನ್ನ ಕೈಗೆ ಕೊಡುತ್ತಿರಲಿಲ್ಲ. ತೊಡೆಯ ಮೇಲೆ ಪಂಚಾಂಗ, ಕೈಯಲ್ಲಿ ಫೋನು. “ಏನು ಮಾಡ್ಲಿಕತ್ತಿ?” ಎಂದರೆ, “ವರ್ಷದ ಅಡಿಗಿ ಮಾಡಿಡ್ಲಿಕತ್ತೀನ್ರಿ,” ಎನ್ನುತ್ತಿದ್ದಳು. ಹಪ್ಪಳ ಸಂಡಿಗೆಯ ಲೆಕ್ಕವೆಂದುಕೊಳ್ಳುತ್ತಿದ್ದೆ.

ಇನ್ನೂ ನಂಬಿಕೆ ಬಾರದೆ ನವರಾತ್ರಿಯ ಹಾಳೆ ತೆಗೆದೆ. “ದೀಪ ಒಂಬತ್ತು ದಿನ ಆರಬಾರದು,” ಎಂದು ಬರೆದಿದ್ದಳು. “ನಿದ್ದೆ ಬಂದೀತೆಂದು ಹೆದರಬೇಡಿ. ನಮ್ಮ ಮನೆಯಲ್ಲಿ ನೀರು ಕುಡಿಯುವ ನೆವದಿಂದ ಎದ್ದು ಎಣ್ಣೆ ಹಾಕುವವರೊಬ್ಬರು ಇದ್ದಾರೆ. ಬೆಳಗ್ಗೆ ನಾನು ದೀಪ ತಾನೇ ಆರದೆ ನಿಂತಿತು ಎನ್ನುತ್ತೇನೆ. ಅವರೂ ಹೌದೆನ್ನುತ್ತಾರೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ನಿಶ್ಚಿಂತೆಯಿಂದ ಮಲಗಿರಿ.”

ಅವಳು ನಿದ್ದೆಯಲ್ಲಿದ್ದಾಳೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಇದನ್ನು ಯಾವ ಯಂತ್ರ ಬಲ್ಲದು? ವಿಠಲಾ, ಎಂದೆ. ನನ್ನ ಹೆಸರೂ ಅದೇ, ದೇವರ ಹೆಸರೂ ಅದೇ. ಯಾರನ್ನು ಕರೆದೆನೋ ನನಗೇ ತಿಳಿಯಲಿಲ್ಲ.

“ಅಳಿಸಬ್ಯಾಡವಾ,” ಎಂದೆ.

ಹೊಸ ಜಾಗದಲ್ಲಿ ಬ್ಲಾಗ್ ತೆರೆದು, ಉಳಿದವನ್ನು ಅವಳು ಇಟ್ಟ ದಿನಾಂಕಕ್ಕೇ ಇಡಬಹುದೆಂದಳು ಸಿಂಚನಾ. ಅಕ್ಕ ಬತ್ತಿ ಕೆಳಗಿಟ್ಟಳು. “ಸೂತಕದ ಮನೀಂದ ಹಬ್ಬದ ಮಾತು ಹೋಗಬಹುದೇನೋ?”

“ಅಕಿ ಬರದಾಗ ಮನ್ಯಾಗ ಸೂತಕ ಇರಲಿಲ್ಲಲ್ಲಕ್ಕ.”

ಅವಳು ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು. “ಹೌದು. ಒಣಾ ಹಾಕಿದ ಮಡಿ ಯಾರೂ ಮುಟ್ಟದಿದ್ರ ಮಡೀನ. ಆದ್ರ ಈ ಯಂತ್ರ ಮುಟ್ಟೇದಲ್ಲ?”

“ಅದು ಕೋಲಿನಿಂದ ಎತ್ತಿದೆ ಅಜ್ಜಿ, ನೀವು ಮಡಿ ಸೀರೆ ಎತ್ತಲ್ವಾ, ಹಾಗೆ,” ಎಂದಳು ಸಿಂಚನಾ. ಅಕ್ಕ ವೈಶಾಖದ ನಂತರ ಮೊದಲ ಸಲ ನಕ್ಕಳು.

ಓದುವವರಿಗೆ ತಿಳಿಸಬೇಕಲ್ಲ ಎಂದು ಸಿಂಚನಾ ಕೇಳಿದ್ದಕ್ಕೆ ಆ ಯಂತ್ರ ದೊಡ್ಡದೊಂದು ಬರಹ ಮಾಡಿಕೊಟ್ಟಿತು. ಅದರಲ್ಲಿ ಕಣ್ಣೀರು, ನಕ್ಷತ್ರ, ಅನಂತ ಎಲ್ಲ ಇದ್ದವು. ಬೇಡವೆಂದು ನಾನೇ ಹೇಳಿ ಬರೆಸಿದೆ: “ಮಂದಾಕಿನಿ ವೈಶಾಖದಲ್ಲಿ ತೀರಿಕೊಂಡಳು. ಯುಗಾದಿಯಲ್ಲಿ ಬರೆದಿಟ್ಟವು ಅವುಗಳ ದಿನಕ್ಕೆ ಬರುತ್ತವೆ. ನಿಮ್ಮ ಹಬ್ಬ ನಿಲ್ಲಿಸಬೇಡಿ.” ಓದದೆ ಉಳಿದ ಹಾಳೆಗಳನ್ನು ಸಿಂಚನಾಳಿಗೇ ಹಿಂತಿರುಗಿಸಿದೆ. ಎಲ್ಲರಿಗೂ ಯಾವ ದಿನವೋ ನನಗೂ ಅದೇ ದಿನ.

ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಫೋನು ಸದ್ದು ಮಾಡಿತು. ‘ನಾಳೆ ಹಬ್ಬ.’ ಪಿತೃಪಕ್ಷದ ಕೊನೆಯ ದಿನ ಅವಳು ಹೊರಗಿನವರಿಗೆ ನಾಳೆಯ ಹಬ್ಬ ಹೇಳುತ್ತಿದ್ದಳು. ಅವಳು ಸತ್ತಿದ್ದಾಳೆಂದು ಬಲ್ಲೆ. ಆದರೂ ಫೋನನ್ನು ಕಿವಿಗಿಟ್ಟುಕೊಂಡೆ.

ಸಂಜೆ ಸಿಂಚನಾ ಬಂದಳು. “ಅಂಕಲ್, ಈ ಸಲ ಮೇಲೆ ನಾವೂ ದೀಪ ಇಡ್ತಿದೀವಿ, ಆಂಟಿ ಹೇಳಿದ ಹಾಗೆ. ಆದ್ರೆ ನಾವಿಬ್ರೂ ಮಲಗಿದ್ರೆ ಕುಂಭಕರ್ಣರು. ನಿಮ್ಮನೇಲಿ ಈ ವರ್ಷ ದೀಪ ಇಲ್ವಲ್ಲ...” ಎಂದು ಅರ್ಧಕ್ಕೇ ನಿಲ್ಲಿಸಿದಳು.

ಸಾವಾದ ವರ್ಷದಲ್ಲಿ ಅವರ ದೀಪಕ್ಕೆ ನಾನು ಎಣ್ಣೆ ಹಾಕುವುದು ಕೂಡುತ್ತದೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಕ್ಕನ ಕಡೆ ನೋಡಿದೆ. ಅವಳು ನೋಡಿಯೂ ನೋಡದವಳಂತೆ ಗೋಡೆಯ ಕಡೆ ತಿರುಗಿ ಕೂತಳು.

“ನಾ ದೀಪ ಮುಟ್ಟೂದಿಲ್ಲವಾ,” ಎಂದೆ. “ನೀರು ಕುಡೀಲಿಕ್ಕೆ ಹೆಂಗೂ ಏಳ್ತೀನಿ. ಬಾಗಿಲಾ ಬಡೀತೀನಿ. ಎಣ್ಣಿ ನೀವ ಹಾಕ್ರಿ.”

ಬೇಗಂ ಬಜಾರಿನಿಂದ ತಂದ ಎಳ್ಳೆಣ್ಣೆಯ ಡಬ್ಬಿಯನ್ನು ಅವರ ಮಹಡಿಯ ಮೆಟ್ಟಿಲ ಮೇಲೆ ಇಟ್ಟುಬಂದೆ.